ಒಂದು ಗ್ರಾಂ ಇದ್ದಿಲಿನಲ್ಲಿ ಹತ್ತು ಗುಂಟೆ

ನೀರಿನ ಫಿಲ್ಟರ್‌ನೊಳಗಿನ ಕಪ್ಪು ಹರಳುಗಳು ಹೆಚ್ಚಾಗಿ ತೆಂಗಿನ ಕರಟದ ಇದ್ದಿಲು. 800ರಿಂದ 1000 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿ ಅದರ ಮೈತುಂಬ ಕಣ್ಣಿಗೆ ಕಾಣದ ತೂತು ಮಾಡಿರುತ್ತಾರೆ. ಒಂದೇ ಗ್ರಾಂ ಇದ್ದಿಲಿನ ಈ ತೂತುಗಳ ಒಳಗೋಡೆಗಳನ್ನು ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಹತ್ತು ಗುಂಟೆ. ಅನಿಲದ ಅಣುಗಳು ಬಂದು ಅಂಟುವುದು ಈ ಗೋಡೆಗಳಿಗೇ. ಪಠ್ಯಪುಸ್ತಕ ಇದನ್ನು ಅಧಿಶೋಷಣೆ ಎನ್ನುತ್ತದೆ.

ಸರ್ವೆಯವರ ಸರಪಳಿ ಹೋಗದ ಈ ಜಾಗವನ್ನು ಅಳೆದವರು ಯಾರು? ನೈಟ್ರೋಜನ್.

ಇದ್ದಿಲನ್ನು ತೂಗಿ ಗಾಜಿನ ಕೊಳವೆಗೆ ಹಾಕಿ, ನಿರ್ವಾತದಲ್ಲಿ ಬಿಸಿ ಮಾಡಿ, ಮೊದಲೇ ಸೇರಿಕೊಂಡಿದ್ದ ತೇವ-ಗಾಳಿಯನ್ನೆಲ್ಲ ಹೊರಗಟ್ಟಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಸುಳ್ಳು ಲೆಕ್ಕ. ಆಮೇಲೆ ಕೊಳವೆಯನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿ, ನೈಟ್ರೋಜನ್ ಅನಿಲವನ್ನು ಅಳೆದಳೆದು ಒಳಬಿಡುತ್ತಾರೆ. ಮಾಪಕ ಇರಬೇಕಾದ್ದಕ್ಕಿಂತ ಕಡಿಮೆ ಒತ್ತಡ ತೋರಿಸಿತೇ? ಹಾಗಾದರೆ ಕಾಣೆಯಾದ ಅನಿಲ ಗೋಡೆ ಹಿಡಿದು ಕೂತಿದೆ.

ಒಂದು ನೈಟ್ರೋಜನ್ ಅಣುವಿಗೆ ಬೇಕಾದ ಜಾಗ 0.162 ಚದರ ನ್ಯಾನೋಮೀಟರ್ ಎಂದು ಲೆಕ್ಕ. ನೆಲಕ್ಕೆ ಎಷ್ಟು ಟೈಲ್ಸ್ ಹಿಡಿಯಿತೆಂದು ಎಣಿಸಿ ಕೋಣೆಯ ಅಳತೆ ಹೇಳಿದ ಹಾಗೆ. ತೊಡಕೆಂದರೆ ಅಣುಗಳಿಗೆ ಗಾರೆಯವರ ಶಿಸ್ತಿಲ್ಲ; ಮೊದಲ ಪದರ ತುಂಬುವ ಮುಂಚೆಯೇ ಒಂದರ ಮೇಲೊಂದು ಹತ್ತಿ ಕೂರುತ್ತವೆ. ಒತ್ತಡ ಏರಿದಂತೆ ಎಷ್ಟೆಷ್ಟು ಅನಿಲ ಅಂಟಿತು ಎಂಬ ರೇಖೆಯಿಂದ ಮೊದಲ ಪದರದ ಲೆಕ್ಕವನ್ನಷ್ಟೇ ಹೆಕ್ಕುವ ಸೂತ್ರವನ್ನು 1938ರಲ್ಲಿ ಕೊಟ್ಟವರು ಬ್ರೂನವರ್, ಎಮೆಟ್ ಮತ್ತು ಟೆಲ್ಲರ್. (ಮುಂದೆ ಹೈಡ್ರೋಜನ್ ಬಾಂಬಿನಿಂದ ಹೆಸರಾದ ಟೆಲ್ಲರ್ ಇವರೇ.) ಮೂವರ ಮೊದಲಕ್ಷರ ಸೇರಿ ಅದು ‘ಬಿಇಟಿ’ ವಿಧಾನವಾಯಿತು. ಸೊನ್ನೆ ಡಿಗ್ರಿ, ಒಂದು ವಾತಾವರಣ ಒತ್ತಡದ ಲೆಕ್ಕದಲ್ಲಿ ಮೊದಲ ಪದರಕ್ಕೆ 230 ಮಿಲಿಲೀಟರ್ ಅನಿಲ ಹಿಡಿದರೆ, ಅದೇ ನಮ್ಮ ಹತ್ತು ಗುಂಟೆ.

ತೂತುಗಳು ತೀರಾ ಇಕ್ಕಟ್ಟಾದರೆ ಪದರ ಎಂಬ ಮಾತೇ ಸಡಿಲವಾಗುತ್ತದೆ. ಅಣುಗಳು ಇಡೀ ತೂತನ್ನೇ ತುಂಬಿಬಿಡುತ್ತವೆ. 2025ರ ರಸಾಯನಶಾಸ್ತ್ರ ನೊಬೆಲ್ ಗಳಿಸಿಕೊಟ್ಟ ಲೋಹ-ಸಾವಯವ ಚೌಕಟ್ಟುಗಳೆಂಬ ತೂತು ತುಂಬಿದ ವಸ್ತುಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅವುಗಳಲ್ಲಿ ಕೆಲವಕ್ಕೆ ಗ್ರಾಂಗೆ 7000 ಚದರ ಮೀಟರ್ ಹೇಳುತ್ತಾರೆ. 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 61 ಪ್ರಯೋಗಾಲಯಗಳಿಗೆ ಅವೇ 18 ರೇಖೆಗಳನ್ನು ಕೊಟ್ಟು ವಿಸ್ತೀರ್ಣ ಕೇಳಿದರೆ ಬಂದ ಉತ್ತರಗಳು ಬೇರೆ ಬೇರೆ. ರೇಖೆಯ ಯಾವ ತುಂಡಿಗೆ ಸೂತ್ರ ಹಚ್ಚಬೇಕೆಂಬುದು ಅವರವರ ಆಯ್ಕೆಯಾಗಿತ್ತು. ಯಾವ ತುಂಡೆಂದು ತಿಳಿಸದೆ ಬರೀ ಚದರ ಮೀಟರ್ ಬರೆದ ವರದಿ ಸಿಕ್ಕರೆ ಪೂರ್ತಿ ನಂಬಬೇಡಿ.