ಕಂಪ್ಯೂಟರಿನೊಳಗೆ ಹಳೆಯ ಪಿಯಾನೊ

ಶ್ರುತಿಕವೆಯನ್ನು ರಬ್ಬರ್ ತುಂಡಿಗೆ ಬಡಿದು ಕಿವಿಯ ಹತ್ತಿರ ಹಿಡಿದು ನೋಡದ ಹೈಸ್ಕೂಲು ವಿದ್ಯಾರ್ಥಿ ಅಪರೂಪ. ಆ ಸಣ್ಣ ನಾದವನ್ನು ಕೇಳಿ, ಕಂಪನ, ಆವೃತ್ತಿ, ಅನುನಾದ ಎಂದು ನೋಟ್ಸ್ ಬರೆದುಕೊಂಡು, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತೇವೆ. ಆದರೆ ಅಂಥದೇ 73 ಕವೆಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಒಂದು ಪುಟ್ಟ ಸುತ್ತಿಗೆಯನ್ನು ಕೊಟ್ಟರೆ ಏನಾದೀತು? ಅಮೆರಿಕದ ಹೆರಾಲ್ಡ್ ರೋಡ್ಸ್ ಹೆಚ್ಚು ಕಡಿಮೆ ಅದನ್ನೇ ಮಾಡಿದರು. ಅವರ ಹೆಸರಿನ ಎಲೆಕ್ಟ್ರಿಕ್ ಪಿಯಾನೊ 1970ರ ದಶಕದಲ್ಲಿ ಜಗತ್ತಿನ ಸಂಗೀತದ ಮೇಲೆ ಮೊಹರು ಒತ್ತಿತು.

ಈ ವಿಷಯ ನೆನಪಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಪಿಯುಸಿ ಓದುತ್ತಿದ್ದ ಅವನಿಗೆ ಕೀಬೋರ್ಡ್ ನುಡಿಸುವ ಹುಚ್ಚು. ಹಳೆಯ ರೋಡ್ಸ್ ನಾದ ಬೇಕು, ಕಂಪ್ಯೂಟರಿನಲ್ಲಿ ಸಿಗುತ್ತದಂತೆ, ಹೇಗೆ ಸರ್ ಎಂದು ಕೇಳಿದ. "ಇಂಟರ್‌ನೆಟ್‌ನಲ್ಲಿ ಎಲ್ಲಾ ಪುಕ್ಕಟೆ ಸಿಗುತ್ತದಲ್ಲೋ, ಹುಡುಕು" ಎಂದು ಹೇಳಿ ನಾನು ತರಗತಿಗೆ ಹೋದೆ. ಹುಡುಗ ಹುಡುಕಿದ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಕಳ್ಳಪ್ರತಿಯೊಂದನ್ನು ಯಾವುದೋ ತಾಣದಿಂದ ಇಳಿಸಿಕೊಂಡ. ಅದರ ಜೊತೆಗೆ ವೈರಸ್ಸೂ ಇಳಿಯಿತು. ಅದೇ ಕಂಪ್ಯೂಟರಿನಲ್ಲಿದ್ದ ಅಪ್ಪನ ಅಂಗಡಿಯ ಮೂರು ತಿಂಗಳ ಲೆಕ್ಕ ಹಾಳಾಯಿತು. ಅಪ್ಪ ಕೀಬೋರ್ಡನ್ನು ಅಟ್ಟಕ್ಕೇರಿಸಿದರು. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಆ ಪಾಲಿನ ಪ್ರಾಯಶ್ಚಿತ್ತವೇ ಈ ಲೇಖನ.

ನಾಲ್ಕು ಯಂತ್ರ, ನಾಲ್ಕು ತತ್ತ್ವ

ಹಳೆಯ ವಾದ್ಯದ ಕಂಪ್ಯೂಟರ್ ರೂಪವನ್ನು ಹುಡುಕುವ ಮೊದಲು, ಮೂಲ ವಾದ್ಯ ಹೇಗೆ ನಾದ ಹುಟ್ಟಿಸುತ್ತಿತ್ತು ಎಂಬುದನ್ನು ತಿಳಿಯಬೇಕು. ಅದು ಗೊತ್ತಿದ್ದರೆ ಹುಡುಕಾಟ ಅರ್ಧ ಮುಗಿದಂತೆ.

ರೋಡ್ಸ್ ಅವರ ಕಥೆ ಎರಡನೇ ಮಹಾಯುದ್ಧದ ಆಸ್ಪತ್ರೆಗಳಲ್ಲಿ ಶುರುವಾಗುತ್ತದೆ. ಗಾಯಗೊಂಡ ಸೈನಿಕರಿಗೆ ಪಿಯಾನೊ ಕಲಿಸುತ್ತಿದ್ದ ಅವರು, ಬಿ-17 ಯುದ್ಧ ವಿಮಾನಗಳ ಅಲ್ಯೂಮಿನಿಯಂ ಕೊಳವೆಗಳಿಂದ, ಹಾಸಿಗೆಯಲ್ಲೇ ತೊಡೆಯ ಮೇಲಿಟ್ಟು ನುಡಿಸಬಹುದಾದ ಪುಟ್ಟ ವಾದ್ಯವನ್ನು ಮಾಡಿದರು. ಮುಂದೆ 1965ರಲ್ಲಿ 73 ಕೀಲಿಗಳ ರೋಡ್ಸ್ ಪಿಯಾನೊ ಮಾರುಕಟ್ಟೆಗೆ ಬಂತು. ಇದರ ಪ್ರತಿ ಸ್ವರಕ್ಕೂ ಒಂದು ಶ್ರುತಿಕವೆ ಉಂಟು, ಆದರೆ ಅದರ ಎರಡು ಭುಜಗಳು ಸಮನಲ್ಲ. ಒಂದು ತೆಳ್ಳನೆಯ ಉಕ್ಕಿನ ಕಡ್ಡಿ, ಇನ್ನೊಂದು ದಪ್ಪ ಲೋಹದ ಪಟ್ಟಿ. ಸುತ್ತಿಗೆ ಬೀಳುವುದು ಕಡ್ಡಿಗೆ. ಕಡ್ಡಿಯ ತುದಿಯ ಎದುರಿಗೆ ಒಂದು ಅಯಸ್ಕಾಂತ, ಜೊತೆಗೆ ತಾಮ್ರದ ತಂತಿಯ ಸುರುಳಿ. ಕಡ್ಡಿ ಕಂಪಿಸಿದಂತೆ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು.

1950ರ ದಶಕದಲ್ಲಿ ಬಂದ ವುರ್ಲಿಟ್ಸರ್ ಎಲೆಕ್ಟ್ರಿಕ್ ಪಿಯಾನೊದಲ್ಲಿ ಕವೆಯ ಬದಲು ಉಕ್ಕಿನ ರೀಡ್ ಇದೆ. ನಮ್ಮ ಹಾರ್ಮೋನಿಯಂನ ರೀಡನ್ನು ಗಾಳಿ ನಡುಗಿಸಿದರೆ, ಇಲ್ಲಿ ಸುತ್ತಿಗೆ ಬಡಿಯುತ್ತದೆ. ರೀಡ್ ಮತ್ತು ಅದರ ಪಕ್ಕದ ಲೋಹದ ತಟ್ಟೆ ಸೇರಿ ಕೆಪಾಸಿಟರ್ ಆಗುತ್ತವೆ. ಎರಡರ ನಡುವಿನ ಅಂತರ ಹೆಚ್ಚು ಕಡಿಮೆಯಾದಂತೆ ವಿದ್ಯುತ್ ಸಂಕೇತ ಬದಲಾಗುತ್ತದೆ. ಜರ್ಮನಿಯ ಹೋನರ್ ಕಂಪನಿಯ ಕ್ಲಾವಿನೆಟ್‌ನಲ್ಲಿ 60 ತಂತಿಗಳು. ಕೀಲಿ ಒತ್ತಿದಾಗ ರಬ್ಬರ್ ತುದಿಯೊಂದು ತಂತಿಯನ್ನು ಪುಟ್ಟ ಅಡಿಗಲ್ಲಿನಂಥ ಲೋಹದ ಮೇಲೆ ಅದುಮುತ್ತದೆ. ಅದರಿಂದಲೇ ಆ ಚುರುಕಾದ, ಕಡಿದಂಥ ಧ್ವನಿ.

ಇವೆಲ್ಲಕ್ಕೂ ಹಿರಿಯಣ್ಣ 1935ರ ಹ್ಯಾಮಂಡ್ ಆರ್ಗನ್. ಅದರೊಳಗೆ ಅಯಸ್ಕಾಂತಗಳ ಮುಂದೆ ತಿರುಗುವ ಹಲ್ಲುಚಕ್ರಗಳಿವೆ. 1954ರಲ್ಲಿ ಬಂದ ಪ್ರಸಿದ್ಧ ಬಿ-3 ಮಾದರಿಯಲ್ಲಿ ಇಂಥ 91 ಚಕ್ರಗಳು. ಒಂದೊಂದು ಚಕ್ರವೂ ಒಂದೊಂದು ಸರಳ ತರಂಗವನ್ನು ಕೊಡುತ್ತದೆ. ಒಂಬತ್ತು ಎಳೆಪಟ್ಟಿಗಳಿಂದ ಈ ತರಂಗಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಬಹುದು. ಸಂಕೀರ್ಣ ತರಂಗವೆಂದರೆ ಸರಳ ತರಂಗಗಳ ಮೊತ್ತ ಎಂಬ ಫೂರಿಯೇ ಗಣಿತವನ್ನು ಕೈಯಲ್ಲಿ ಎಳೆದು ನೋಡುವ ಯಂತ್ರ ಇದು.

ದೋಷವೇ ಸೊಗಸಾದಾಗ

ಹ್ಯಾಮಂಡ್ ಕೀಲಿಯನ್ನು ಒತ್ತಿದಾಗ ಲೋಹದ ಸಂಪರ್ಕಗಳು ತಾಗಿ ‘ಟಿಕ್’ ಎಂಬ ಸದ್ದು ಬರುತ್ತಿತ್ತು. ತಯಾರಕರಿಗೆ ಅದು ದೋಷ. ಅದನ್ನು ಅಡಗಿಸಲು ಅವರು ಪ್ರಯತ್ನಪಟ್ಟರು. ಆದರೆ ಜಾಝ್ ಮತ್ತು ರಾಕ್ ವಾದಕರಿಗೆ ಆ ಟಿಕ್ಕೇ ಪ್ರಿಯವಾಯಿತು! ಇಂದು ಹ್ಯಾಮಂಡನ್ನು ಅನುಕರಿಸುವ ತಂತ್ರಾಂಶಗಳಲ್ಲಿ ಆ ಸದ್ದನ್ನು ಬೇಕೆಂದೇ ಸೇರಿಸಿರುತ್ತಾರೆ, ಹೆಚ್ಚು ಕಡಿಮೆ ಮಾಡಲು ಗುಂಡಿಯನ್ನೂ ಇಟ್ಟಿರುತ್ತಾರೆ. ರೋಡ್ಸ್‌ನದೂ ಇದೇ ಕಥೆ. ಮೆಲ್ಲಗೆ ನುಡಿಸಿದರೆ ಗಂಟೆಯಂಥ ನಾದ, ಜೋರಾಗಿ ಬಡಿದರೆ ಗದರಿದಂಥ ನಾದ. ಕಡ್ಡಿ ಅಯಸ್ಕಾಂತದ ಮುಂದೆ ದೊಡ್ಡದಾಗಿ ತೂಗಿದಾಗ ವಿದ್ಯುತ್ ತರಂಗದ ಆಕಾರವೇ ಬದಲಾಗುವುದು ಅದಕ್ಕೆ ಕಾರಣ.

ಇಷ್ಟು ಚೆಲುವಾದ ಯಂತ್ರಗಳು ಮರೆಯಾದದ್ದೇಕೆ? ಒಂದು ಕಾರಣ ಭಾರ. 73 ಕೀಲಿಗಳ ರೋಡ್ಸ್ ಸುಮಾರು 60 ಕೆ.ಜಿ. ತೂಗುತ್ತಿತ್ತು. 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್7 ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅವರ ಸಂಶೋಧನೆಯನ್ನು ಆಧರಿಸಿದ ಈ ಡಿಜಿಟಲ್ ವಾದ್ಯವನ್ನು ಒಬ್ಬರೇ ಎತ್ತಿಕೊಂಡು ಹೋಗಬಹುದಿತ್ತು. ಹಳೆಯ ಯಂತ್ರಗಳು ಮೂಲೆ ಸೇರಿದವು.

ಧ್ವನಿಮುದ್ರಣವೋ, ಸಮೀಕರಣವೋ?

1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಎಂಬ ವ್ಯವಸ್ಥೆಯನ್ನು ತಂದಿತು. 1999ರ ಎರಡನೇ ಆವೃತ್ತಿಯಿಂದ ವಾದ್ಯಗಳನ್ನೇ ತಂತ್ರಾಂಶವಾಗಿ ಕಂಪ್ಯೂಟರಿಗೆ ಸೇರಿಸುವುದು ಸಾಧ್ಯವಾಯಿತು. ಹೀಗೆ ಹಳೆಯ ವಾದ್ಯವನ್ನು ಮರುಸೃಷ್ಟಿಸಲು ಎರಡು ದಾರಿಗಳಿವೆ.

ಒಂದು, ಮೂಲ ವಾದ್ಯದ ಪ್ರತಿ ಕೀಲಿಯನ್ನೂ ಮೆಲ್ಲಗೆ, ಜೋರಾಗಿ ನುಡಿಸಿ ಧ್ವನಿಮುದ್ರಿಸುವುದು. ಲೆಕ್ಕ ಹಾಕಿ ನೋಡಿ. ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೆ 2 ಬೈಟ್, ಎಡ ಬಲ ಎಂದು 2 ವಾಹಿನಿಗಳು. ಅಂದರೆ ಸೆಕೆಂಡಿಗೆ 1,76,400 ಬೈಟ್. 73 ಕೀಲಿಗಳನ್ನು ಐದೈದು ಬಲಗಳಲ್ಲಿ, ಹತ್ತು ಹತ್ತು ಸೆಕೆಂಡು ಮುದ್ರಿಸಿದರೆ ಸುಮಾರು 644 ಎಂಬಿ ಜಾಗ ಬೇಕು. ಐದಕ್ಕಿಂತ ಕಡಿಮೆ ಹಂತಗಳಿದ್ದರೆ ಮೆಲು ನಾದದಿಂದ ಗದರುವ ನಾದಕ್ಕೆ ಜಿಗಿತ ಕಿವಿಗೆ ಗೊತ್ತಾಗಬಹುದು.

ಎರಡನೆಯದು, ಕಡ್ಡಿ, ಸುತ್ತಿಗೆ, ಅಯಸ್ಕಾಂತಗಳ ವರ್ತನೆಯನ್ನು ಸಮೀಕರಣಗಳಲ್ಲಿ ಬರೆದು, ನುಡಿಸುವಾಗಲೇ ಕಂಪ್ಯೂಟರಿನಿಂದ ಲೆಕ್ಕ ಮಾಡಿಸುವುದು. ಇದಕ್ಕೆ ಜಾಗ ಬಹಳ ಕಡಿಮೆ ಸಾಕು, ಆದರೆ ಪ್ರೊಸೆಸರ್ ದುಡಿಯಬೇಕು. ಕೆನಡಾದಲ್ಲಿ ತಯಾರಾದ ಲೌಂಜ್ ಲಿಜರ್ಡ್, ಫ್ರಾನ್ಸಿನ ಪಿಯಾನೊಟೆಕ್ ಈ ಜಾತಿಯವು. 2006ರಲ್ಲಿ ಬಂದ ಪಿಯಾನೊಟೆಕ್‌ನ ಹಿಂದಿರುವ ಫಿಲಿಪ್ ಗಿಯೋಮ್ ಗಣಿತಜ್ಞರೂ ಹೌದು, ಪಿಯಾನೊ ಶ್ರುತಿ ಮಾಡುತ್ತಿದ್ದವರೂ ಹೌದು.

ಹುಡುಕುವುದು ಹೀಗೆ

ವಾದ್ಯಗಳ ಹೆಸರುಗಳು ಕಂಪನಿಗಳ ಸ್ವತ್ತು. ಆದ್ದರಿಂದ ಅನೇಕ ತಂತ್ರಾಂಶಗಳು ಮೂಲ ಹೆಸರನ್ನು ಹೇಳದೆ ಒಳಗಿನ ಯಂತ್ರವನ್ನು ಹೆಸರಿಸುತ್ತವೆ. ‘ಟೈನ್’ ಎಂದಿದ್ದರೆ ರೋಡ್ಸ್ ಕುಲ, ‘ರೀಡ್’ ಎಂದಿದ್ದರೆ ವುರ್ಲಿಟ್ಸರ್ ಕುಲ, ‘ಟೋನ್‌ವೀಲ್’ ಎಂದಿದ್ದರೆ ಹ್ಯಾಮಂಡ್ ಕುಲ. ಯಂತ್ರ ತಿಳಿದವನಿಗೆ ಹುಡುಕಾಟ ಸುಲಭ ಎಂದದ್ದು ಇದಕ್ಕೇ.

ಪುಕ್ಕಟೆಯಾಗಿ, ನ್ಯಾಯವಾಗಿಯೇ ಸಿಗುವಂಥವೂ ಇವೆ. ಎಂಡಿಎ ಇ-ಪಿಯಾನೊ ಎಂಬ ಚಿಕ್ಕ ತಂತ್ರಾಂಶ ರೋಡ್ಸ್ ಶೈಲಿಯದು. ಸೆಟ್‌ಬಿಫ್ರೀ ಎಂಬ ಮುಕ್ತ ತಂತ್ರಾಂಶ ಹ್ಯಾಮಂಡನ್ನು ಅನುಕರಿಸುತ್ತದೆ. ಹಣ ಕೊಡಬೇಕಾದವುಗಳಲ್ಲೂ ಹಲವಕ್ಕೆ ಪರೀಕ್ಷಾ ಪ್ರತಿ ಉಂಟು. ಪಿಯಾನೊಟೆಕ್‌ನ ಪರೀಕ್ಷಾ ಪ್ರತಿಯಲ್ಲಿ ಕೆಲವು ಕೀಲಿಗಳು ಮೂಕವಾಗಿರುತ್ತವೆ, ಒಂದು ಸಲಕ್ಕೆ 20 ನಿಮಿಷ ಮಾತ್ರ ನುಡಿಸಬಹುದು. ಬೇಕೋ ಬೇಡವೋ ಎಂದು ತೀರ್ಮಾನಿಸಲು ಅಷ್ಟು ಸಾಕು. ಯಾವುದನ್ನೇ ಆಗಲಿ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ.

ಆಯ್ಕೆ ಮಾಡುವಾಗ ಒಂದೇ ಕೀಲಿಯನ್ನು ಮೆಲ್ಲಗಿನಿಂದ ಜೋರಿನವರೆಗೆ ಹತ್ತು ಸಲ ಒತ್ತಿ. ಸದ್ದು ಮಾತ್ರ ಏರಿದರೆ ಸಾಲದು, ನಾದದ ಗುಣವೂ ಬದಲಾಗಬೇಕು.

ಕೀಲಿ ಒತ್ತಿದ ಮೇಲೆ ನಾದ ತಡವಾಗಿ ಬಂದರೆ ವಾದ್ಯವನ್ನು ಬೈಯಬೇಡಿ. ಕಂಪ್ಯೂಟರ್ ಧ್ವನಿಯನ್ನು ಕಂತುಕಂತಾಗಿ ಕಳಿಸುತ್ತದೆ. ಒಂದು ಕಂತಿಗೆ 1,024 ಮಾದರಿಗಳಿದ್ದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡು ತಡ. ಎಂಟು ಮೀಟರ್ ದೂರದಿಂದ ಬಂದ ಸದ್ದನ್ನು ಕೇಳಿದ ಹಾಗೆ. 256ಕ್ಕೆ ಇಳಿಸಿದರೆ ಸುಮಾರು 6 ಮಿಲಿಸೆಕೆಂಡು, ಎರಡು ಮೀಟರ್ ದೂರ. ಈ ಸಂಖ್ಯೆಯನ್ನು ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು.

ಅಪ್ಪ ಕೇಳಿದ ನಾದ

ಕೊನೆಗೆ ನಾನೇ ಹುಡುಗನ ಮನೆಗೆ ಹೋದೆ, ಲ್ಯಾಬಿನ ಶ್ರುತಿಕವೆಯನ್ನು ಜೇಬಿನಲ್ಲಿಟ್ಟುಕೊಂಡು. "ಮೇಷ್ಟ್ರೇ, ಓದೋ ಹುಡುಗನಿಗೆ ಇದೆಲ್ಲಾ ಬೇಕಾ?" ಎಂದರು ಅಪ್ಪ. ನನ್ನ ತಪ್ಪನ್ನು ಮೊದಲು ಒಪ್ಪಿಕೊಂಡೆ. ಆಮೇಲೆ ಕವೆಯನ್ನು ಬಡಿದು ಅವರ ಕೈಗೆ ಕೊಟ್ಟೆ. ಅಟ್ಟದಿಂದ ಕೀಬೋರ್ಡ್ ಇಳಿಯಿತು. ನನ್ನ ಲ್ಯಾಪ್‌ಟಾಪಿಗೆ ಅದನ್ನು ಜೋಡಿಸಿ ಹುಡುಗ ಪುಕ್ಕಟೆಯ ತಂತ್ರಾಂಶದಲ್ಲಿ ಒಂದು ಸ್ವರ ನುಡಿಸಿದ. ಅಪ್ಪ ಕವೆಯನ್ನು ಮತ್ತೊಮ್ಮೆ ತಾವೇ ಬಡಿದು ಕಿವಿಗೆ ಹಿಡಿದರು. "ಎರಡೂ ಒಂದೇ ಜಾತಿ ಅಲ್ವಾ?" ಎಂದರು. ನಾನು ತರಗತಿಯಲ್ಲಿ ಮುಕ್ಕಾಲು ಗಂಟೆ ಹೇಳುವ ಪಾಠವನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ಕೀಬೋರ್ಡ್ ಮತ್ತೆ ಅಟ್ಟ ಹತ್ತಲಿಲ್ಲ. ಆದರೆ ಅಪ್ಪ ಒಂದು ಷರತ್ತು ಹಾಕಿದರು. ಅದರಂತೆ ಬಿಲ್ಲುಗಳ ಕಟ್ಟನ್ನು ಮುಂದಿಟ್ಟುಕೊಂಡು ಅಂಗಡಿಯ ಮೂರು ತಿಂಗಳ ಲೆಕ್ಕವನ್ನು ಹುಡುಗನೇ ಮತ್ತೆ ಬರೆದ. ಹದಿನೆಂಟು ದಿನ ಹಿಡಿಯಿತಂತೆ. ಪುಕ್ಕಟೆ ಎಂದುಕೊಂಡಿದ್ದ ಆ ಕಳ್ಳಪ್ರತಿಯ ಬೆಲೆ ಅಷ್ಟು.