ತೇಗದ ಕಾಡು ಬೋಳಾಗಿಸುವ ಪತಂಗ: ಗುರುತಿಸುವುದು ಹೇಗೆ?

ಮುಂಗಾರಿಗೆ ಮುನ್ನ ಒಂದೆರಡು ಮಳೆ ಬಿದ್ದು ತೇಗದ ಮರಗಳು ಚಿಗುರಿದ ಕೆಲವೇ ವಾರಗಳಲ್ಲಿ ನೆಡುತೋಪುಗಳು ಮತ್ತೆ ಬೋಳಾಗುವುದುಂಟು. ದಾರಿಹೋಕರು ಮರ ಒಣಗಿತೆಂದೇ ಭಾವಿಸುತ್ತಾರೆ. ಆದರೆ ಇದು ಹಿಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಹುಳುಗಳ ಕೆಲಸ.

ಪತಂಗವನ್ನು ಕಣ್ಣಿಗೆ ಬೀಳಿಸಿಕೊಳ್ಳುವುದು ಸುಲಭವಲ್ಲ. ರೆಕ್ಕೆ ಹರಡಿದರೆ ಮೂರರಿಂದ ನಾಲ್ಕು ಸೆಂ.ಮೀ. ಅಗಲ. ಹಗಲಿನಲ್ಲಿ ಮರದಡಿಯ ಪೊದೆಗಳಲ್ಲಿ ರೆಕ್ಕೆ ಮಡಿಚಿ ಕೂತಾಗ ಬೂದುಗಂದು ಬಣ್ಣದ ಮುಂರೆಕ್ಕೆಗಳಷ್ಟೇ ಕಾಣುವುದರಿಂದ ಅದು ಒಣಎಲೆಯ ಚೂರಿನಂತೆ ತೋರುತ್ತದೆ. ಬೆದರಿ ಹಾರಿದಾಗ ಮಾತ್ರ ಕಪ್ಪು ಹಿಂರೆಕ್ಕೆಗಳ ಮೇಲಿನ ಕಿತ್ತಳೆ-ಹಳದಿ ಪಟ್ಟೆಗಳು ಮಿಂಚುತ್ತವೆ. ಗುರುತಿಗೆ ಇದೇ ಆಧಾರ.

ಹೆಣ್ಣು ಪತಂಗ ಎಳೆ ಎಲೆಗಳ ಮೇಲೆ ಸುಮಾರು 500 ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ಎರಡು-ಮೂರು ದಿನಗಳಲ್ಲಿ ಹೊರಬರುವ ಮರಿಹುಳು ಮೊದಲು ಎಲೆಯ ಮೇಲ್ಪದರವನ್ನಷ್ಟೇ ಕೆರೆಯುತ್ತದೆ. ಬೆಳೆದಂತೆ ಎಲೆಯ ಅಂಚನ್ನು ಕತ್ತರಿಸಿ, ಮಡಿಚಿ, ರೇಷ್ಮೆ ಎಳೆಯಿಂದ ಹೊಲಿದು ಗೂಡು ಮಾಡಿಕೊಂಡು ದಪ್ಪ ನರಗಳನ್ನು ಬಿಟ್ಟು ಉಳಿದುದನ್ನೆಲ್ಲ ತಿನ್ನುತ್ತದೆ. ಹುಳುಗಳು ಹೆಚ್ಚಿದಾಗ ಉದುರುವ ಹಿಕ್ಕೆಯ ಸದ್ದು ತುಂತುರು ಮಳೆಯಂತೆ ಕೇಳುತ್ತದೆ. ಸುಮಾರು ಎರಡು ವಾರಗಳ ನಂತರ ಹುಳು ನೂಲಿಳಿದು ನೆಲ ಸೇರಿ, ತರಗೆಲೆಗಳ ನಡುವೆ ಕೋಶವಾಗುತ್ತದೆ. ಒಂದು ವಾರದಲ್ಲಿ ಹೊಸ ಪತಂಗ ಸಿದ್ಧ.

ತೇಗಕ್ಕೆ ಇನ್ನೊಂದು ಶತ್ರುವೂ ಇದೆ: ಯೂಟೆಕ್ಟೋನಾ ಮಚೇರಾಲಿಸ್. ಅದು ಎಲೆ ಉದುರುವ ಕಾಲ ಸಮೀಪಿಸಿದಾಗ ಬಂದು, ಸಣ್ಣ ನರಗಳನ್ನೂ ಉಳಿಸಿ ಎಲೆಯನ್ನು ಜರಡಿಯಂತಾಗಿಸುತ್ತದೆ. ಈ ವ್ಯತ್ಯಾಸ ತಿಳಿಯದೆ ಔಷಧಕ್ಕೆ ಸುರಿಯುವ ಹಣ ವ್ಯರ್ಥ. ನೆರೆಯ ಕೇರಳದ ನಿಲಂಬೂರಿನ ಎಳೆಯ ತೋಪುಗಳಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ನಡೆಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಬ್ಲಿಯಾದಿಂದ ಮರದ ಗಾತ್ರದ ಬೆಳವಣಿಗೆ ಶೇ 44ರಷ್ಟು ಕುಂಠಿತವಾಗಿತ್ತು. ಯೂಟೆಕ್ಟೋನಾದಿಂದ ಗಣನೀಯ ನಷ್ಟವಿರಲಿಲ್ಲ. ಹಿಬ್ಲಿಯಾಕ್ಕೆ ತುತ್ತಾದ ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ಆ ಋತುವಿನ ಬೆಳವಣಿಗೆ ಹೋದಂತೆಯೇ.

ಹಿಬ್ಲಿಯಾ ಹುಳುಗಳನ್ನು ಕಾಡಿನಲ್ಲೇ ಇರುವ ವೈರಸ್ ಒಂದು ಕೊಲ್ಲುತ್ತದೆ. ಸಂಸ್ಥೆಯ ವಿಜ್ಞಾನಿಗಳು ಅದನ್ನು ಪ್ರತ್ಯೇಕಿಸಿ, ರಾಸಾಯನಿಕ ಕೀಟನಾಶಕಕ್ಕೆ ಬದಲಾಗಿ ತೋಪುಗಳಲ್ಲಿ ಸಿಂಪಡಿಸಿ ಪರೀಕ್ಷಿಸಿದ್ದಾರೆ. ಹುಳುಗಳು ಇನ್ನೂ ಚಿಕ್ಕವಿರುವಾಗಲೇ ಸಿಂಪಡಿಸಬೇಕು. ಎಲೆ ಬರಿದಾದ ಮೇಲೆ ಪ್ರಯೋಜನವಿಲ್ಲ.