ಆಲ್‌ಮನ್ ಸೋದರರ ವಾದ್ಯಮೇಳ

ಅಮೆರಿಕದ ದಕ್ಷಿಣ ರಾಜ್ಯಗಳ ರಾಕ್ ಸಂಗೀತಕ್ಕೆ ಒಂದು ಪ್ರತ್ಯೇಕ ಸ್ವರೂಪವನ್ನು ತಂದುಕೊಟ್ಟ ಕೀರ್ತಿ ‘ಆಲ್‌ಮನ್ ಬ್ರದರ್ಸ್ ಬ್ಯಾಂಡ್’ ಎಂಬ ಮೇಳಕ್ಕೆ ಬಹುಮಟ್ಟಿಗೆ ಸಲ್ಲಬೇಕು. ೧೯೬೯ರ ಮಾರ್ಚಿಯಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ ನಗರದಲ್ಲಿ ಹುಟ್ಟಿದ ಈ ಮೇಳವು ಬೇಗನೆ ಜಾರ್ಜಿಯಾದ ಮೇಕನ್ ಪಟ್ಟಣದಲ್ಲಿ ನೆಲೆಸಿತು. ಡ್ವೇನ್ ಆಲ್‌ಮನ್ ಮತ್ತು ಡಿಕಿ ಬೆಟ್ಸ್ ಗಿಟಾರ್ ವಾದಕರು. ಡ್ವೇನನ ತಮ್ಮ ಗ್ರೆಗ್ ಗಾಯಕ ಮತ್ತು ಆರ್ಗನ್ ವಾದಕ. ಬೆರಿ ಓಕ್ಲಿ ಬಾಸ್ ಗಿಟಾರ್ ನುಡಿಸುವವನು. ಬುಚ್ ಟ್ರಕ್ಸ್ ಮತ್ತು ಜೇಮೋ ಡ್ರಮ್ ವಾದಕರು.

ಇವರಲ್ಲಿ ಜೇಮೋ ಆಫ್ರಿಕನ್ ಮೂಲದವನು, ಉಳಿದವರು ಬಿಳಿಯರು. ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ಶಾಸನವು ನಿಷೇಧಿಸಿದುದು ೧೯೬೪ರಲ್ಲಿ. ಅದಾದ ಐದೇ ವರ್ಷಗಳಲ್ಲಿ ಉಭಯ ವರ್ಣದವರು ಒಂದೇ ಮನೆಯಲ್ಲಿದ್ದು ಒಂದೇ ವೇದಿಕೆಯಲ್ಲಿ ನುಡಿಸಿದುದು ದಕ್ಷಿಣದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಅವರ ಸಂಗೀತದ ಮೂಲದ್ರವ್ಯವೂ ಕಪ್ಪು ಜನರ ಬ್ಲೂಸ್ ಗಾನವೇ. ಅದಕ್ಕೆ ಕಂಟ್ರಿ ಗೀತೆಗಳ ಇಂಪನ್ನೂ, ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಇವರ ಜಾಜ್ ವಾದನದಿಂದ ಕಲಿತ ವಿಸ್ತಾರಕ್ರಮವನ್ನೂ ಅವರು ಕೂಡಿಸಿದರು.

ಪ್ರಧಾನವಾದ್ಯ, ಪಕ್ಕವಾದ್ಯ ಎಂಬ ಕಟ್ಟಳೆಯನ್ನು ಈ ಮೇಳವು ಸಡಿಲಿಸಿತು. ಎರಡು ಗಿಟಾರುಗಳು ಒಮ್ಮೆ ಜೊತೆಗೂಡಿ ಸಾಗುವುವು, ಒಮ್ಮೆ ಪರಸ್ಪರ ಉತ್ತರ ಕೊಡುವುವು. ಡ್ವೇನನು ಬೆರಳಿಗೆ ಔಷಧದ ಗಾಜಿನ ಶೀಶೆಯನ್ನು ತೊಟ್ಟು, ತಂತಿಗಳ ಮೇಲೆ ಜಾರಿಸಿ ಸ್ವರಗಳನ್ನೆಳೆಯುತ್ತಿದ್ದನು. ಮೊದಲ ಧ್ವನಿಮುದ್ರಣದಲ್ಲಿ ಸುಮಾರು ೫ ನಿಮಿಷಗಳ ‘ವಿಪ್ಪಿಂಗ್ ಪೋಸ್ಟ್’ ಗೀತೆಯು, ೧೯೭೧ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ರಂಗಮಂದಿರದಲ್ಲಿ ಸುಮಾರು ೨೩ ನಿಮಿಷಗಳಿಗೆ ಬೆಳೆಯಿತು.

ಆ ಕಛೇರಿಯ ಮುದ್ರಣವು ಜುಲೈಯಲ್ಲಿ ಪ್ರಕಟವಾಯಿತು. ಅಕ್ಟೋಬರ್ ೨೯ರಂದು ಡ್ವೇನನು ಮೇಕನ್ನಿನಲ್ಲಿ ಮೋಟಾರ್ ಸೈಕಲ್ ಅಪಘಾತದಿಂದ ಮಡಿದನು. ಮರುವರ್ಷದ ನವೆಂಬರಿನಲ್ಲಿ ಅದೇ ಊರಿನಲ್ಲಿ, ಅದೇ ಬಗೆಯ ಅಪಘಾತದಲ್ಲಿ ಓಕ್ಲಿಯೂ ತೀರಿಕೊಂಡನು. ಇಬ್ಬರಿಗೂ ಆಗ ೨೪ ವರ್ಷ. ನಾಯಕನನ್ನು ಕಳೆದುಕೊಂಡ ಮೇಳವು ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ೧೯೭೩ರ ‘ಬ್ರದರ್ಸ್ ಅಂಡ್ ಸಿಸ್ಟರ್ಸ್’ ಮಾರಾಟದಲ್ಲಿ ದೇಶಕ್ಕೇ ಅಗ್ರಸ್ಥಾನ ಪಡೆಯಿತು. ಎರಡು ಸಲ ಒಡೆದು ಎರಡು ಸಲ ಕೂಡಿದ ಮೇಳವು ೨೦೧೪ರ ಅಕ್ಟೋಬರಿನವರೆಗೆ ಬಾಳಿತು.

ಒಬ್ಬನ ಪ್ರತಿಭೆಗಿಂತ, ಒಬ್ಬರನ್ನೊಬ್ಬರು ಆಲಿಸಿ ನುಡಿಸುವ ಪದ್ಧತಿಯ ಮೇಲೆ ಮೇಳವು ನಿಂತಿದ್ದುದೇ ಈ ದೀರ್ಘಾಯುಷ್ಯಕ್ಕೆ ಕಾರಣವೆನ್ನಬೇಕು. ಪದ್ಧತಿಯನ್ನು ಕಲಿಸಬಹುದು, ಬೆಳೆಸಲೂಬಹುದು. ಬುಚ್ ಟ್ರಕ್ಸನ ಸಂಬಂಧಿಯಾದ ಡೆರೆಕ್ ಟ್ರಕ್ಸ್ ೧೯೯೯ರಲ್ಲಿ ಮೇಳವನ್ನು ಸೇರಿ, ಡ್ವೇನನ ಜಾರುವಾದನಕ್ಕೆ ಅಲಿ ಅಕ್ಬರ್ ಖಾನರ ಸರೋದಿನಿಂದ ಪಡೆದ ಪ್ರೇರಣೆಯನ್ನೂ ಕೂಡಿಸಿದನು. ‘ದಕ್ಷಿಣದ ರಾಕ್’ ಎಂಬ ಹೆಸರೇ ಗ್ರೆಗ್ಗನಿಗೆ ಒಪ್ಪಿಗೆಯಾಗಿರಲಿಲ್ಲ. ರಾಕ್ ಸಂಗೀತ ಹುಟ್ಟಿದುದೇ ದಕ್ಷಿಣದಲ್ಲಿ ಎಂಬುದು ಅವನ ವಾದ. ೨೦೧೭ರಲ್ಲಿ ಬುಚ್ ಟ್ರಕ್ಸ್ ಮತ್ತು ಗ್ರೆಗ್, ೨೦೨೪ರಲ್ಲಿ ಬೆಟ್ಸ್ ತೀರಿಕೊಂಡರು. ಮೊದಲ ಆರು ಮಂದಿಯಲ್ಲಿ ಆಗ ಉಳಿದವನು ಜೇಮೋ ಒಬ್ಬನೇ.